ಓಟ ಯಾರಿಗಾಗಿ? ಫಾರ್ಮುಲಾ ಒನ್ ಅಭಿಮಾನಿಯ ಹಳೆಯ ಆತಂಕ

2005ರ ಜೂನ್ 19, ಭಾನುವಾರ. ಅಮೆರಿಕದ ಇಂಡಿಯಾನಾಪೊಲಿಸ್ ರೇಸ್ ಅಂಗಳದಲ್ಲಿ ಲಕ್ಷದಷ್ಟು ಜನ ಸೇರಿದ್ದರು. ಇಪ್ಪತ್ತು ಫಾರ್ಮುಲಾ ಒನ್ ಕಾರುಗಳು ರೂಢಿಯಂತೆ ಒಂದು ಸುತ್ತು ನಿಧಾನವಾಗಿ ಬಂದವು. ಆ ಸುತ್ತು ಮುಗಿಸಿ ಎಲ್ಲವೂ ಆರಂಭದ ಗೆರೆಯ ಹಿಂದೆ ಸಾಲಾಗಿ ನಿಲ್ಲಬೇಕು, ಕೆಂಪು ದೀಪ ಆರಿದೊಡನೆ ನುಗ್ಗಬೇಕು. ಆದರೆ ಅಂದು ಹದಿನಾಲ್ಕು ಕಾರುಗಳು ಗೆರೆಯ ಬಳಿಗೆ ಬರಲೇ ಇಲ್ಲ. ಒಂದರ ಹಿಂದೊಂದು ಪಕ್ಕದ ಪಿಟ್ ಓಣಿಗೆ ತಿರುಗಿ ತಮ್ಮ ಗ್ಯಾರೇಜು ಸೇರಿಕೊಂಡವು. ಉಳಿದ ಆರು ಕಾರುಗಳೇ ರೇಸು ನಡೆಸಿದವು. ಜನ ಕೂಗಾಡಿದರು, ಟ್ರ್ಯಾಕ್ ಮೇಲೆ ಬಾಟಲಿ ಎಸೆದರು, ಅನೇಕರು ಅರ್ಧಕ್ಕೇ ಎದ್ದು ಹೋದರು.

ಆ ಆರರಲ್ಲಿ ಒಂದನ್ನು ಓಡಿಸುತ್ತಿದ್ದವರು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್. ಅಂದು ಅವರಿಗೆ ನಾಲ್ಕನೇ ಸ್ಥಾನ, ಐದು ಅಂಕ ದೊರೆತವು. ಫಾರ್ಮುಲಾ ಒನ್ ಇತಿಹಾಸದಲ್ಲಿ ಭಾರತದ ಚಾಲಕನೊಬ್ಬ ಗಳಿಸಿದ ಅಂಕಗಳು ಅಷ್ಟೇ. ನಮಗೆ ಹೆಮ್ಮೆಯ ಆ ದಿನ, ಅಲ್ಲಿ ಕುಳಿತಿದ್ದ ಪ್ರೇಕ್ಷಕರಿಗೆ ಮೋಸ ಹೋದ ದಿನ. ಒಂದೇ ರೇಸಿಗೆ ಇಂಥ ಎರಡು ನೆನಪುಗಳಿವೆ.

ಅಂದು ಅಟ್ಟಣಿಗೆಯಲ್ಲಿ ಕುಳಿತವರು ಕೇಳಿದ ಪ್ರಶ್ನೆ ಸರಳವಾದದ್ದು: ಈ ಓಟ ಯಾರಿಗಾಗಿ? ಇಪ್ಪತ್ತು ವರ್ಷಗಳ ನಂತರವೂ ಆ ಪ್ರಶ್ನೆ ಮುಗಿದಿಲ್ಲ. 2026ರ ಹೊಸ ನಿಯಮಾವಳಿಯ ಸುತ್ತ ಅದು ಮತ್ತೆ ಎದ್ದಿದೆ. ಈ ನಿಯಮದಂತೆ ಕಾರಿನ ಒಟ್ಟು ಶಕ್ತಿಯ ಅರ್ಧದಷ್ಟು ಪೆಟ್ರೋಲ್ ಎಂಜಿನ್ನಿನಿಂದ, ಉಳಿದರ್ಧ ವಿದ್ಯುತ್ ಮೋಟಾರಿನಿಂದ ಬರಬೇಕು. ಮೋಟಾರಿನ ಶಕ್ತಿ 120 ಕಿಲೋವಾಟ್‌ನಿಂದ 350 ಕಿಲೋವಾಟ್‌ಗೆ ಏರಿದೆ. ನೆಲದಿಂದ ತೆಗೆದ ಎಣ್ಣೆಯ ಬದಲು ಪರಿಸರಕ್ಕೆ ಹೊರೆಯಾಗದ ಇಂಧನ, ನೇರ ದಾರಿಯಲ್ಲಿ ಬಾಗುವ ರೆಕ್ಕೆಗಳು, ಮೊದಲಿಗಿಂತ ಚಿಕ್ಕದಾದ ಕಾರು. ಆಡಿ ಮತ್ತು ಕ್ಯಾಡಿಲ್ಯಾಕ್ ಎಂಬ ಹೊಸ ಹೆಸರುಗಳೂ ಕಣಕ್ಕೆ ಬಂದಿವೆ.

ಅಭಿಮಾನಿಯ ಆತಂಕವೇನು? ಬ್ಯಾಟರಿಯ ಶಕ್ತಿ ಉಳಿಸಲು ಚಾಲಕ ನೇರ ದಾರಿಯಲ್ಲೂ ಕಾಲು ಎತ್ತಬೇಕಾಗಿ ಬಂದರೆ ಅವನು ವೀರನೋ, ಲೆಕ್ಕ ಬರೆಯುವ ಗುಮಾಸ್ತನೋ? ಎಂಜಿನ್ನಿನ ಹಳೆಯ ಗರ್ಜನೆ ಇನ್ನು ಎಂದಿಗೂ ಕೇಳದೆ? ವರ್ಷಕ್ಕೆ 24 ರೇಸು ಹೊಸ ಹೊಸ ನಗರಗಳಿಗೆ ಹೋದರೆ ಹಳೆಯ ಅಂಗಳಗಳ ಗತಿಯೇನು? ಇವನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕುವಂತಿಲ್ಲ. 2025ರಲ್ಲಿ ಈ ಕ್ರೀಡೆಯನ್ನು ಆಳುವ ಎಫ್‌ಐಎ ಸಂಸ್ಥೆಯ ಅಧ್ಯಕ್ಷ ಮೊಹಮ್ಮದ್ ಬಿನ್ ಸುಲಾಯಮ್ ಅವರೇ ಹತ್ತು ಸಿಲಿಂಡರಿನ ಹಳೆಯ ಮಾದರಿಯ ಎಂಜಿನ್ ಮರಳಿ ತರುವ ಮಾತೆತ್ತಿದ್ದರು.

ಆದರೆ ಹಿಂದಿರುಗಿ ನೋಡಿದರೆ, ಈ ಕ್ರೀಡೆ ಹುಟ್ಟಿದಾಗಿನಿಂದ ಅಭಿಮಾನಿಗಳು ‘ಇನ್ನು ಮುಗಿಯಿತು’ ಎನ್ನುತ್ತಲೇ ಬಂದಿದ್ದಾರೆ. ಅವರ ಆತಂಕಗಳಲ್ಲಿ ಕೆಲವು ಪೂರ್ತಿ ಸುಳ್ಳಾದವು. ಕೆಲವು ಅಕ್ಷರಶಃ ನಿಜವಾದವು. ಯಾವುವು ಸುಳ್ಳಾದವು, ಯಾವುವು ನಿಜವಾದವು ಎಂದು ಬೇರ್ಪಡಿಸಿ ನೋಡಿದರೆ ಮುಂದಿನ ದಾರಿಯ ಬಗ್ಗೆಯೂ ಒಂದಿಷ್ಟು ತಿಳಿಯುತ್ತದೆ.

ಹಸಿರು, ಕೆಂಪು, ನೀಲಿ

ಮೋಟಾರು ರೇಸು ಮೊದಲು ನಡೆದದ್ದು ಊರಿಂದೂರಿಗೆ, ಸಾರ್ವಜನಿಕ ರಸ್ತೆಗಳಲ್ಲಿ. 1903ರ ಪ್ಯಾರಿಸ್–ಮ್ಯಾಡ್ರಿಡ್ ಓಟದಲ್ಲಿ ಚಾಲಕರೂ ರಸ್ತೆ ಬದಿಯ ಜನರೂ ಸತ್ತಾಗ ಫ್ರೆಂಚ್ ಸರ್ಕಾರ ಬೋರ್ಡೊ ಪಟ್ಟಣದಲ್ಲೇ ಅದನ್ನು ನಿಲ್ಲಿಸಿತು. ಊರಿಂದೂರಿಗೆ ಓಡುವ ರೇಸುಗಳ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ರೇಸು ಮುಚ್ಚಿದ ಸುತ್ತುಹಾದಿಗೆ ಬಂತು. 1906ರಲ್ಲಿ ಲ ಮಾನ್ ಬಳಿ ಮೊದಲ ‘ಗ್ರ್ಯಾನ್ ಪ್ರಿ’ ನಡೆದಾಗ ರೆನೋ ಕಾರಿನಲ್ಲಿ ಗೆದ್ದವರು ಹಂಗೇರಿಯ ಫೆರೆಂತ್ಸ್ ಸಿಸ್. ಎರಡು ಮಹಾಯುದ್ಧಗಳು ಕಳೆದು, 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಈಗಿನ ವಿಶ್ವ ಚಾಂಪಿಯನ್‌ಷಿಪ್ ಶುರುವಾಯಿತು. ಅಂದು ಇಂಗ್ಲೆಂಡಿನ ದೊರೆ ಆರನೇ ಜಾರ್ಜ್ ಪ್ರೇಕ್ಷಕರಾಗಿದ್ದರು. ಆಲ್ಫಾ ರೋಮಿಯೊದಲ್ಲಿ ಜ್ಯೂಸೆಪ್ಪೆ ಫರೀನಾ ಗೆದ್ದರು.

ಆರಂಭದಲ್ಲೇ ಬಿಕ್ಕಟ್ಟು ಬಂತು. 1951ರ ಕೊನೆಗೆ ಆಲ್ಫಾ ರೋಮಿಯೊ ಹಿಂದೆ ಸರಿದಾಗ ಕಣದಲ್ಲಿ ಸಾಕಷ್ಟು ಫಾರ್ಮುಲಾ ಒನ್ ಕಾರುಗಳೇ ಉಳಿಯಲಿಲ್ಲ. 1952 ಮತ್ತು 1953ರ ವಿಶ್ವ ಚಾಂಪಿಯನ್‌ಷಿಪ್ಪನ್ನು ಎರಡನೇ ದರ್ಜೆಯ, ಅಂದರೆ ಫಾರ್ಮುಲಾ ಟೂ ನಿಯಮದಲ್ಲಿ ನಡೆಸಬೇಕಾಯಿತು. ಹುಟ್ಟಿದ ಮೂರನೇ ವರ್ಷಕ್ಕೇ ‘ಇದರ ಭವಿಷ್ಯವೇನು’ ಎಂಬ ಚರ್ಚೆ ಶುರುವಾಗಿತ್ತು.

ಮುಂದೆ ಎಂಜಿನ್ನಿನ ಜಾಗದ ಗೊಂದಲ. ಕಾರಿನ ಎಂಜಿನ್ ಮುಂದಿರಬೇಕು, ಬಂಡಿಯ ಮುಂದೆ ಕುದುರೆ ಇರುವಂತೆ ಎಂಬುದು ದೊಡ್ಡ ಕಂಪನಿಗಳ ನಂಬಿಕೆಯಾಗಿತ್ತು. ಕೂಪರ್ ಎಂಬ ಸಣ್ಣ ಬ್ರಿಟಿಷ್ ತಂಡ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟಿತು. 1958ರಲ್ಲಿ ಅರ್ಜೆಂಟೀನಾದಲ್ಲಿ ಸ್ಟರ್ಲಿಂಗ್ ಮಾಸ್ ಆ ಕಾರಿನಲ್ಲಿ ಗೆದ್ದರು. 1959ರಲ್ಲಿ ಜ್ಯಾಕ್ ಬ್ರಾಭಮ್ ವಿಶ್ವ ಚಾಂಪಿಯನ್ ಆದರು. ಎಂಜಿನ್ನನ್ನು ತಾವೇ ತಯಾರಿಸದ ಇಂಥ ತಂಡಗಳನ್ನು ಎಂಜೊ ಫೆರಾರಿ ‘ಗ್ಯಾರೇಜಿನವರು’ ಎಂದು ತಾತ್ಸಾರದಿಂದ ಕರೆಯುತ್ತಿದ್ದರು. ಕೆಲವೇ ವರ್ಷಗಳಲ್ಲಿ ಫೆರಾರಿ ಕಾರುಗಳ ಎಂಜಿನ್ನೂ ಹಿಂದಕ್ಕೆ ಸರಿಯಿತು.

1961ರಲ್ಲಿ ಎಂಜಿನ್ ಗಾತ್ರವನ್ನು ಎರಡೂವರೆ ಲೀಟರಿನಿಂದ ಒಂದೂವರೆ ಲೀಟರಿಗೆ ಇಳಿಸಿದಾಗ ಬ್ರಿಟಿಷ್ ತಂಡಗಳು ದಂಗೆ ಎದ್ದವು. ಇಷ್ಟು ಸಣ್ಣ ಎಂಜಿನ್ನಿನ ಕಾರು ಓಡಿಸುವುದು ವಿಶ್ವದ ಶ್ರೇಷ್ಠ ಚಾಲಕರಿಗೆ ಅವಮಾನ ಎಂಬುದು ಅವರ ವಾದ. ದೊಡ್ಡ ಎಂಜಿನ್ನಿನ ಕಾರುಗಳಿಗೆ ಬೇರೆಯದೇ ಸ್ಪರ್ಧೆ ಕಟ್ಟಲೂ ನೋಡಿದರು, ಅದು ನಿಲ್ಲಲಿಲ್ಲ. ಆ ‘ಆಟಿಕೆ’ ಕಾರುಗಳ ಕಾಲದಲ್ಲೇ ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ಚಾಂಪಿಯನ್ ಆದರು. ಇಂದು ಹಳೆಯ ಅಭಿಮಾನಿಗಳು ಚಿನ್ನದ ಕಾಲವೆಂದು ನೆನೆಯುವ ಚಿತ್ರಗಳಲ್ಲಿ ಕ್ಲಾರ್ಕ್ ಅವರ ಹಸಿರು ಲೋಟಸ್ ಸಹ ಒಂದು.

ಆ ಹಸಿರಿಗೂ ಒಂದು ಕಥೆಯಿದೆ. ಆಗ ಕಾರುಗಳಿಗೆ ದೇಶದ ಬಣ್ಣವಿತ್ತು: ಇಂಗ್ಲೆಂಡಿಗೆ ಹಸಿರು, ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬೆಳ್ಳಿ. 1968ರಲ್ಲಿ ಲೋಟಸ್ ತಂಡ ಹಸಿರನ್ನು ಬಿಟ್ಟು ಗೋಲ್ಡ್ ಲೀಫ್ ಸಿಗರೇಟಿನ ಕೆಂಪು, ಬಿಳಿ, ಬಂಗಾರದ ಬಣ್ಣ ಬಳಿದುಕೊಂಡಿತು. ಕ್ರೀಡೆಯನ್ನು ಸಿಗರೇಟು ಪೊಟ್ಟಣಕ್ಕೆ ಮಾರಿದರೆಂದು ಸಂಪ್ರದಾಯಸ್ಥರು ಸಿಡಿಮಿಡಿಗೊಂಡರು. 1976ರಲ್ಲಿ ಸರ್ಟೀಸ್ ತಂಡದ ಕಾರಿನ ಮೇಲೆ ಗರ್ಭನಿರೋಧಕ ಕಂಪನಿಯ ಹೆಸರು ಕಂಡ ಬಿಬಿಸಿಯಂತೂ ಆ ವರ್ಷದ ಬಹುತೇಕ ರೇಸುಗಳನ್ನು ತೋರಿಸಲೇ ಇಲ್ಲ! ಆದರೆ ಲೋಟಸ್‌ನ ಮುಂದಿನ ಕಪ್ಪು–ಬಂಗಾರದ ಕಾರು, ಅದೂ ಸಿಗರೇಟಿನ ಜಾಹೀರಾತೇ, ಇಂದಿಗೂ ಅಭಿಮಾನಿಗಳ ಮನೆಯ ಗೋಡೆಗಳ ಮೇಲಿದೆ. ಒಂದು ತಲೆಮಾರಿಗೆ ಅಪಚಾರವಾಗಿ ಕಂಡದ್ದು ಮುಂದಿನ ತಲೆಮಾರಿಗೆ ಪರಂಪರೆಯಾಗುವುದು ಹೀಗೆ.

ಎರವಲು ತಂದ ಸ್ಪ್ಯಾನರು

ಬಣ್ಣ, ಗಾತ್ರ, ಸದ್ದು ರುಚಿಯ ಮಾತಾಯಿತು. ಇವಕ್ಕಿಂತ ಗಂಭೀರವಾದ ಒಂದು ಆತಂಕವಿತ್ತು: ಅಪಾಯ ಹೋದರೆ ರೇಸಿನ ಆತ್ಮವೇ ಹೋಗುತ್ತದೆ ಎಂಬುದು. ಅಭಿಮಾನಿಗಳು ಅತ್ಯಂತ ದೊಡ್ಡದಾಗಿ ತಪ್ಪಿದ್ದು ಇಲ್ಲಿಯೇ.

1955ರಲ್ಲಿ ಲ ಮಾನ್ 24 ಗಂಟೆಗಳ ಓಟದಲ್ಲಿ ಕಾರೊಂದು ಜನರ ಮೇಲೆ ಹಾರಿ 80ಕ್ಕೂ ಹೆಚ್ಚು ಮಂದಿ ಸತ್ತರು. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಸುತ್ತುಹಾದಿಯ ರೇಸನ್ನೇ ನಿಷೇಧಿಸಿತು. ಹೀಗಿದ್ದರೂ ಅಂಗಳಗಳಲ್ಲಿ ವೈದ್ಯರು, ತಡೆಗೋಡೆ, ಅಗ್ನಿಶಾಮಕ ವ್ಯವಸ್ಥೆಗಳು ಹೇಳಿಕೊಳ್ಳುವಂತಿರಲಿಲ್ಲ. 1966ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮೊದಲ ಸುತ್ತಿನಲ್ಲೇ ಮಳೆ ಬಂದು ಅನೇಕ ಕಾರುಗಳು ಹಾದಿ ತಪ್ಪಿದವು. ಸ್ಕಾಟ್ಲೆಂಡಿನ ಜ್ಯಾಕಿ ಸ್ಟೀವರ್ಟ್ ನಜ್ಜುಗುಜ್ಜಾದ ಕಾರಿನೊಳಗೆ ಸಿಕ್ಕಿಬಿದ್ದರು. ಮೈಮೇಲೆಲ್ಲ ಪೆಟ್ರೋಲು ಸುರಿಯುತ್ತಿತ್ತು, ಒಂದು ಕಿಡಿ ಸಾಕಿತ್ತು. ಸಹಾಯಕ್ಕೆ ಬಂದವರು ಅಧಿಕಾರಿಗಳಲ್ಲ, ತಾವೂ ಹಾದಿ ತಪ್ಪಿ ನಿಂತಿದ್ದ ಇಬ್ಬರು ಸಹಚಾಲಕರು. ಸ್ಟೀರಿಂಗ್ ಬಿಚ್ಚಲು ಅವರ ಬಳಿ ಸಲಕರಣೆ ಇರಲಿಲ್ಲ. ಪ್ರೇಕ್ಷಕನೊಬ್ಬನಿಂದ ಸ್ಪ್ಯಾನರು ಎರವಲು ತಂದು ಅವರನ್ನು ಹೊರಗೆಳೆದರು.

ಅಲ್ಲಿಂದ ಮುಂದೆ ಸ್ಟೀವರ್ಟ್ ಸೀಟ್ ಬೆಲ್ಟು, ತಡೆಗೋಡೆ, ವೈದ್ಯರಿಗಾಗಿ ಹೋರಾಡಿದರು. ಚಾಲಕರ ಒತ್ತಾಯದಿಂದ 1969ರಲ್ಲಿ ಸ್ಪಾದ ರೇಸು ನಡೆಯಲಿಲ್ಲ. ಮೂರು ಬಾರಿ ವಿಶ್ವ ಚಾಂಪಿಯನ್ ಆದವರನ್ನು ಹೇಡಿ ಎಂದು ಹಂಗಿಸಿದವರು ಕಡಿಮೆಯೇನಿರಲಿಲ್ಲ. 1970ರಲ್ಲಿ ಯೋಹೆನ್ ರಿಂಟ್ ಮಾನ್ಜಾದಲ್ಲಿ ಸತ್ತ ಮೇಲೆ ಚಾಂಪಿಯನ್ ಆದರು. 1973ರಲ್ಲಿ ಸ್ಟೀವರ್ಟ್ ತಮ್ಮ ನೂರನೇ ರೇಸಿಗೆ ಸಿದ್ಧರಾಗಿದ್ದಾಗ ಜೊತೆಗಾರ ಫ್ರಾಂಸ್ವಾ ಸೆವೇರ್ ಅಭ್ಯಾಸದಲ್ಲಿ ಸತ್ತರು. ಸ್ಟೀವರ್ಟ್ ಆ ರೇಸನ್ನು ಓಡದೆಯೇ ನಿವೃತ್ತರಾದರು. 1976ರಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ನಿಕಿ ಲೌಡಾ ಬೆಂಕಿಯಲ್ಲಿ ಬೆಂದಾಗಲೂ ಹೊರತೆಗೆದವರು ಸಹಚಾಲಕರೇ. 22 ಕಿಲೋಮೀಟರಿಗೂ ಉದ್ದದ ಆ ಹಳೆಯ ಹಾದಿಗೆ ಫಾರ್ಮುಲಾ ಒನ್ ಮತ್ತೆ ಹೋಗಲಿಲ್ಲ. ‘ಗಂಡಸುತನದ ಹಾದಿ’ ಹೋಯಿತೆಂದು ಮರುಗಿದವರಿದ್ದರು. ಸತ್ತವರ ಮನೆಯವರು ಏನೆಂದುಕೊಂಡಿರಬಹುದು?

1994ರ ಇಮೊಲಾದಲ್ಲಿ ಎರಡು ದಿನಗಳಲ್ಲಿ ರೋಲಾಂಡ್ ರಾಟ್ಸೆನ್‌ಬರ್ಗರ್ ಮತ್ತು ಅಯರ್ಟನ್ ಸೆನ್ನಾ ಸತ್ತ ಮೇಲೆ ಕಾರುಗಳೂ ಅಂಗಳಗಳೂ ಬಹಳ ಬದಲಾದವು. 2014ರಲ್ಲಿ ಜಪಾನಿನಲ್ಲಿ ಅಪಘಾತಕ್ಕೀಡಾದ ಜೂಲ್ ಬಿಯಾಂಕಿ ಮರುವರ್ಷ ತೀರಿಕೊಂಡರು. 2018ರಲ್ಲಿ ಚಾಲಕನ ತಲೆಯ ಸುತ್ತ ‘ಹೇಲೋ’ ಎಂಬ ಲೋಹದ ಬಳೆ ಬಂದಾಗ ಅಭಿಮಾನಿಗಳು ಮತ್ತೆ ಗೊಣಗಿದರು: ಚಪ್ಪಲಿಯ ಪಟ್ಟಿಯಂತಿದೆ, ಕಾರಿನ ಅಂದ ಕೆಡಿಸಿತು ಎಂದು. ಚಾಲಕ ರೊಮೇನ್ ಗ್ರೋಜಾನ್ ಕೂಡ ಮೊದಲು ಅದನ್ನು ವಿರೋಧಿಸಿದ್ದರು. 2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ಅದೇ ಗ್ರೋಜಾನ್ ಅವರ ಕಾರು ಉಕ್ಕಿನ ತಡೆಬೇಲಿಯನ್ನು ಸೀಳಿ ಎರಡು ತುಂಡಾಗಿ ಹೊತ್ತಿಕೊಂಡಿತು. ಅರ್ಧ ನಿಮಿಷದ ಒಳಗೆ ಅವರು ಉರಿಯಿಂದ ಹೊರಗೆ ಹಾರಿಬಂದರು. ಹೇಲೋ ಇರದಿದ್ದರೆ ತಾನು ಬದುಕುತ್ತಿರಲಿಲ್ಲವೆಂದು ಆಸ್ಪತ್ರೆಯಿಂದಲೇ ಹೇಳಿದರು. ಆ ಬಳಿಕ ಅಂದದ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಯಂತ್ರವೋ, ಮನುಷ್ಯನೋ

ಮೂರನೆಯ ಆತಂಕ ಯಂತ್ರದ್ದು. 1977ರಲ್ಲಿ ರೆನೋ ಮೊದಲ ಟರ್ಬೊ ಕಾರನ್ನು ತಂದಿತು. ಪದೇ ಪದೇ ಹೊಗೆಯುಗುಳಿ ನಿಲ್ಲುತ್ತಿದ್ದ ಅದನ್ನು ಕಂಡು ಇತರರು ನಕ್ಕರು. ಹತ್ತು ವರ್ಷಗಳಲ್ಲಿ ಟರ್ಬೊ ಇಲ್ಲದೆ ಗೆಲುವೇ ಇಲ್ಲ ಎಂಬಂತಾಯಿತು. 1988ರಲ್ಲಿ ಮೆಕ್‌ಲಾರೆನ್ 16 ರೇಸುಗಳಲ್ಲಿ 15 ಗೆದ್ದಿತು. ಮರುವರ್ಷ ಟರ್ಬೊ ನಿಷೇಧವಾಯಿತು. 1992ರಲ್ಲಿ ವಿಲಿಯಮ್ಸ್ ಕಾರಿನ ಕಂಪ್ಯೂಟರ್ ನಿಯಂತ್ರಿತ ಸಸ್ಪೆನ್ಷನ್ ನೆರವಿನಿಂದ ನೈಜೆಲ್ ಮ್ಯಾನ್ಸೆಲ್ ಒಂಬತ್ತು ರೇಸು ಗೆದ್ದಾಗ, ಓಡಿಸುತ್ತಿರುವುದು ಚಾಲಕನೋ ಕಂಪ್ಯೂಟರೋ ಎಂಬ ಪ್ರಶ್ನೆ ಬಂತು. 1994ರಲ್ಲಿ ಅಂಥ ಸಾಧನಗಳನ್ನು ತೆಗೆದುಹಾಕಲಾಯಿತು. ಯಂತ್ರ ಮುಂದೆ ಓಡುವುದು, ನಿಯಮ ಹಿಂದಕ್ಕೆ ಎಳೆಯುವುದು ಈ ಕ್ರೀಡೆಯ ಗುಣ.

2014ರಲ್ಲಿ ಎಂಟು ಸಿಲಿಂಡರಿನ 2.4 ಲೀಟರ್ ಎಂಜಿನ್ ಹೋಗಿ, ಆರು ಸಿಲಿಂಡರಿನ 1.6 ಲೀಟರ್ ಟರ್ಬೊ ಮತ್ತು ವಿದ್ಯುತ್ ಮೋಟಾರಿನ ಜೋಡಿ ಬಂದಾಗ ಸದ್ದು ತಗ್ಗಿತು. ಕಿವಿಗೆ ಹತ್ತಿ ತುಂಬಿಕೊಂಡು ನೋಡುತ್ತಿದ್ದವರಿಗೆ ಪಕ್ಕದವನ ಮಾತು ಕೇಳಿಸತೊಡಗಿತು! ರೇಸಿನ ಆತ್ಮ ಹೋಯಿತೆಂಬ ಅಳಲು ಜಗತ್ತಿನಾದ್ಯಂತ ಎದ್ದಿತು. ಅದೇ ಎಂಜಿನ್ ಇಂಧನದ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚನ್ನು ಕೆಲಸಕ್ಕೆ ತರುವಷ್ಟು ಮುಂದುವರಿಯಿತೆಂದು ಮರ್ಸಿಡಿಸ್ 2017ರಲ್ಲಿ ಪ್ರಕಟಿಸಿತು. ಯಂತ್ರಶಾಸ್ತ್ರದಲ್ಲಿ ಅದು ದೊಡ್ಡ ಸಾಧನೆ. ಆದರೆ ಅಟ್ಟಣಿಗೆಯಲ್ಲಿ ಕುಳಿತವನಿಗೆ ಅದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. 2026ರ ಆತಂಕದ ಬೇರು ಇಲ್ಲಿದೆ. ಸದ್ದಿನ ದುಃಖವನ್ನು ಕಾಲ ಮರೆಸುತ್ತದೆ ಎಂದು ಇತಿಹಾಸ ಹೇಳುತ್ತದೆ. ಚಾಲಕನ ಕೈಚಳಕ ಪ್ರೇಕ್ಷಕನಿಗೆ ಕಾಣಬೇಕೆಂಬ ಬೇಡಿಕೆ ಮಾತ್ರ ನ್ಯಾಯವಾದದ್ದು.

ಹಣದ ಹಗ್ಗಜಗ್ಗಾಟ

ಬ್ರಾಭಮ್ ತಂಡವನ್ನು ಕೊಂಡಿದ್ದ ಬರ್ನಿ ಎಕ್ಲ್‌ಸ್ಟನ್ 1970ರ ದಶಕದಲ್ಲಿ ತಂಡಗಳನ್ನು ಒಟ್ಟುಗೂಡಿಸಿ, ಅವುಗಳ ಪರವಾಗಿ ವ್ಯವಹಾರ ಕುದುರಿಸತೊಡಗಿದರು. ಹಣ ಮತ್ತು ಅಧಿಕಾರ ಯಾರ ಕೈಯಲ್ಲಿರಬೇಕೆಂಬ ಜಗಳದಲ್ಲಿ 1980ರ ಸ್ಪೇನ್ ರೇಸು ಚಾಂಪಿಯನ್‌ಷಿಪ್ಪಿನ ಲೆಕ್ಕಕ್ಕೇ ಬರಲಿಲ್ಲ. 1981ರಲ್ಲಿ ಪ್ಯಾರಿಸ್ಸಿನ ಪ್ಲಾಸ್ ದ ಲ ಕಾಂಕಾರ್ಡ್ ಚೌಕದ ಹೆಸರು ಹೊತ್ತ ಒಪ್ಪಂದವಾಯಿತು. ತಂಡಗಳು ಎಲ್ಲ ರೇಸುಗಳಿಗೂ ಹಾಜರಾಗಬೇಕೆಂಬುದು ಅದರ ತಿರುಳು. ಹಾಗಿದ್ದರೇ ಟಿವಿಯವರು ಹಣ ಕೊಡುವುದು. ಆದರೂ 1982ರ ಇಮೊಲಾದಲ್ಲಿ ಹಲವು ತಂಡಗಳು ಮುನಿಸಿಕೊಂಡು ಹೋಗಿ ಓಡಿದ್ದು 14 ಕಾರುಗಳು ಮಾತ್ರ. 2009ರಲ್ಲಿ ಖರ್ಚಿನ ಮಿತಿಯ ವಿವಾದಕ್ಕೆ ಎಂಟು ತಂಡಗಳು ಬೇರೆ ಚಾಂಪಿಯನ್‌ಷಿಪ್ಪನ್ನೇ ಕಟ್ಟುವುದಾಗಿ ಘೋಷಿಸಿದವು. ವಾರದೊಳಗೆ ರಾಜಿಯಾಯಿತು.

ಈ ಜಗಳದಲ್ಲಿ ಬೆಂಗಳೂರಿನ ನಂಟೂ ಇದೆ. ವಿಜಯ್ ಮಲ್ಯ ಪಾಲುದಾರರಾಗಿದ್ದ ಫೋರ್ಸ್ ಇಂಡಿಯಾ ತಂಡ 2008ರಿಂದ ಕಣದಲ್ಲಿತ್ತು. 2009ರ ಸ್ಪಾದಲ್ಲಿ ಅದರ ಚಾಲಕ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಮೊದಲ ಸಾಲಿನಿಂದ ಹೊರಟು ಎರಡನೆಯವರಾದರು. ಸಣ್ಣ ಕೈಗಂಟಿನಲ್ಲಿಯೇ 2016 ಮತ್ತು 2017ರಲ್ಲಿ ತಂಡ ನಾಲ್ಕನೇ ಸ್ಥಾನ ಪಡೆಯಿತು. ಆದಾಯ ಹಂಚಿಕೆ ದೊಡ್ಡ ತಂಡಗಳ ಕಡೆ ವಾಲಿದೆ ಎಂದು 2015ರಲ್ಲಿ ಫೋರ್ಸ್ ಇಂಡಿಯಾ ಮತ್ತು ಸೌಬರ್ ತಂಡಗಳು ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟವು. ಗೆಲ್ಲುವವರೇ ಗೆಲ್ಲುತ್ತಾರೆ ಎಂಬ ಅಭಿಮಾನಿಗಳ ಕೊರಗಿಗೂ ಈ ದೂರಿಗೂ ಅರ್ಥ ಒಂದೇ. 2017ರಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಫಾರ್ಮುಲಾ ಒನ್ ಒಡೆತನ ಪಡೆಯಿತು. 2021ರಲ್ಲಿ ತಂಡಗಳ ಖರ್ಚಿಗೆ 14.5 ಕೋಟಿ ಡಾಲರ್ ಮಿತಿ ಬಂತು. ಅಷ್ಟರಲ್ಲಿ, 2018ರಲ್ಲೇ, ಫೋರ್ಸ್ ಇಂಡಿಯಾ ದಿವಾಳಿಯ ಅಂಚಿಗೆ ಹೋಗಿ ಕೈ ಬದಲಾಗಿತ್ತು. ಅದೇ ತಂಡ 2021ರಿಂದ ಆ್ಯಸ್ಟನ್ ಮಾರ್ಟಿನ್ ಹೆಸರಿನಲ್ಲಿ ಓಡುತ್ತಿದೆ.

ಕ್ರೀಡೆಯೋ, ಮನರಂಜನೆಯೋ

ಅಭಿಮಾನಿಗಳ ಪ್ರಶ್ನೆಯನ್ನೇ ನಮ್ಮ ಸರ್ಕಾರವೂ ಒಮ್ಮೆ ಕೇಳಿತ್ತು. ಭಾರತದಲ್ಲಿ ರೇಸು ನಡೆಸಲು ಸಂಘಟಕರು ವಿದೇಶಕ್ಕೆ ಹಣ ಕಳಿಸಬೇಕಿದ್ದಾಗ, 2009ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಒಪ್ಪಲಿಲ್ಲ. ಇದು ಕ್ರೀಡೆಗಿಂತ ಮನರಂಜನೆಯೇ ಹೆಚ್ಚು ಎಂಬುದು ಅದರ ನಿಲುವು. ಆದರೂ 2011ರ ಅಕ್ಟೋಬರ್ 30ರಂದು ಗ್ರೇಟರ್ ನೊಯಿಡಾದ 5.125 ಕಿಲೋಮೀಟರಿನ ಬುದ್ಧ ಅಂಗಳದಲ್ಲಿ ಮೊದಲ ಭಾರತೀಯ ಗ್ರ್ಯಾನ್ ಪ್ರಿ ನಡೆಯಿತು. ಮೊದಲ ಅಭ್ಯಾಸಕ್ಕೆ ಬೀದಿನಾಯಿಯೊಂದು ಟ್ರ್ಯಾಕಿಗೆ ನುಗ್ಗಿ ಓಟ ನಿಲ್ಲಿಸಬೇಕಾಯಿತೆಂಬುದು ಬೇರೆ ಮಾತು! ಮೂರೂ ವರ್ಷ ಗೆದ್ದವರು ಸೆಬಾಸ್ಟಿಯನ್ ವೆಟೆಲ್. 2013ರಲ್ಲಿ ತಮ್ಮ ನಾಲ್ಕನೇ ವಿಶ್ವ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡದ್ದೂ ಅಲ್ಲಿಯೇ. ಮೊದಲ ವರ್ಷ ಕಿಕ್ಕಿರಿದ ಅಟ್ಟಣಿಗೆ ನಂತರ ತೆಳುವಾಯಿತು. ತೆರಿಗೆಯ ವ್ಯಾಜ್ಯಗಳು ಬೆಳೆದವು. ಅಂಗಳದಿಂದ ಬಂದ ಆದಾಯಕ್ಕೆ ಫಾರ್ಮುಲಾ ಒನ್ ಕಂಪನಿ ಇಲ್ಲಿ ತೆರಿಗೆ ಕಟ್ಟಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಷ್ಟರಲ್ಲಿ ರೇಸು ಎಂದೋ ಹೋಗಿತ್ತು. ಅಭಿಮಾನಿಯನ್ನು ಬರಮಾಡಿಕೊಳ್ಳುವಾಗಲೂ ಯಾರೂ ಕೇಳಲಿಲ್ಲ, ಬೀಳ್ಕೊಡುವಾಗಲೂ ಕೇಳಲಿಲ್ಲ.

ಆದರೂ ಆಸೆ ಸತ್ತಿಲ್ಲ. ಯುರೋಪಿನ ರೇಸು ಇದ್ದ ಭಾನುವಾರ ಸಂಜೆ ಆರೂವರೆಗೆ ಬೆಂಗಳೂರಿನ ಹಾಸ್ಟೆಲುಗಳಲ್ಲಿ ಹುಡುಗರು, ಹುಡುಗಿಯರು ಪರದೆಯ ಮುಂದೆ ಸೇರುತ್ತಾರೆ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ರೇಸು ಗೆದ್ದಾಗ ಅವರಿಗೆಲ್ಲ ಅದು ಮನೆಯ ಹಬ್ಬವಾಗಿತ್ತು.

ಲೆಕ್ಕಕ್ಕೆ ಬಾರದವರು

ಈಗ ನಿಜವಾದ ಆತಂಕಗಳ ಮಾತು. 2002ರ ಆಸ್ಟ್ರಿಯಾ ರೇಸಿನಲ್ಲಿ ಗೆಲ್ಲುತ್ತಿದ್ದ ರೂಬೆನ್ಸ್ ಬಾರಿಕೆಲ್ಲೊ ಫೆರಾರಿಯ ಆಜ್ಞೆಯಂತೆ ಕೊನೆಯ ಗಳಿಗೆಯಲ್ಲಿ ಮೈಕೆಲ್ ಶುಮಾಕರ್‌ಗೆ ದಾರಿ ಬಿಟ್ಟರು. ಜನ ಇಬ್ಬರನ್ನೂ ಹೀಯಾಳಿಸಿದರು. 2016ರಲ್ಲಿ ಯಾರೂ ಕೇಳದ ಹೊಸ ಅರ್ಹತಾ ಸುತ್ತಿನ ಪದ್ಧತಿಯೊಂದು ಬಂತು. ಕೊನೆಯ ನಿಮಿಷಗಳಲ್ಲಿ ಟ್ರ್ಯಾಕ್ ಖಾಲಿ ಹೊಡೆಯಿತು. ಎರಡೇ ರೇಸಿಗೆ ಅದನ್ನು ಕೈಬಿಡಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು ಚಾಲಕರ ಸಂಘ ನಡೆಸಿದ ಸಮೀಕ್ಷೆಗೆ ಎರಡು ಲಕ್ಷಕ್ಕೂ ಹೆಚ್ಚು ಅಭಿಮಾನಿಗಳು ಉತ್ತರಿಸಿದ್ದರು. ಕೇಳಿದರೆ ಹೇಳಲು ಜನ ಸಿದ್ಧರಿದ್ದರು.

2021ರ ಸ್ಪಾದಲ್ಲಿ ಜನ ಮಳೆಯಲ್ಲಿ ಗಂಟೆಗಟ್ಟಲೆ ನಿಂತರು. ಸುರಕ್ಷತಾ ಕಾರಿನ ಹಿಂದೆ ಕೆಲವೇ ಸುತ್ತು ಸಾಗಿದ್ದನ್ನು ರೇಸೆಂದು ಲೆಕ್ಕ ಹಾಕಿ ಅರ್ಧ ಅಂಕ ಹಂಚಲಾಯಿತು. ಮಳೆಯಲ್ಲಿ ಓಡಿಸದಿದ್ದದ್ದು ಸರಿ, ಓಡದ ರೇಸನ್ನು ಓಡಿತೆಂದದ್ದು ತಪ್ಪು. ಪ್ರೇಕ್ಷಕರಿಗೆ ಹಣ ಹಿಂದಿರುಗಿಸಬೇಕೆಂದು ಲೂಯಿಸ್ ಹ್ಯಾಮಿಲ್ಟನ್ ಬಹಿರಂಗವಾಗಿ ಹೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಬುಧಾಬಿಯ ಕೊನೆಯ ರೇಸಿನಲ್ಲಿ ಸುರಕ್ಷತಾ ಕಾರಿನ ನಿಯಮವನ್ನು ಅರೆಬರೆ ಪಾಲಿಸಿ ಒಂದು ಸುತ್ತಿನ ಓಟಕ್ಕೆ ದಾರಿ ಮಾಡಲಾಯಿತು. ಮ್ಯಾಕ್ಸ್ ವರ್‌ಸ್ಟಾಪನ್ ಚಾಂಪಿಯನ್ ಆದರು. ಮಾನವ ಸಹಜ ತಪ್ಪು ನಡೆದಿದೆ ಎಂದು ಎಫ್‌ಐಎ ವರದಿ ಮುಂದೆ ಒಪ್ಪಿಕೊಂಡಿತು. 2023ರ ಲಾಸ್ ವೇಗಸ್‌ನಲ್ಲಿ ರಸ್ತೆಯ ಮುಚ್ಚಳವೊಂದು ಕಿತ್ತು ಕಾರ್ಲೋಸ್ ಸೈನ್ಜ್ ಅವರ ಫೆರಾರಿಯನ್ನು ಹಾಳುಮಾಡಿ ಅಭ್ಯಾಸ ಎಂಟೇ ನಿಮಿಷಕ್ಕೆ ನಿಂತಿತು. ನಡುರಾತ್ರಿ ದಾಟಿ ಎರಡೂವರೆಗೆ ಕಾರುಗಳು ಮತ್ತೆ ಹೊರಬಂದಾಗ ಪ್ರೇಕ್ಷಕರನ್ನು ಅಂಗಳದಿಂದ ಕಳಿಸಲಾಗಿತ್ತು. ಅಂದಿನ ದಿನಕ್ಕಷ್ಟೇ ಟಿಕೆಟ್ ಕೊಂಡವರಿಗೆ ಅಲ್ಲಿನ ಮಳಿಗೆಯಲ್ಲಿ ಬಳಸುವ 200 ಡಾಲರಿನ ಚೀಟಿ ಕೊಡಲು ಮುಂದಾದರು.

ಈ ಸಾಲಿನಲ್ಲಿ ಎಂಜಿನ್ನಿನ ಸದ್ದಿಲ್ಲ, ಕಾರಿನ ಬಣ್ಣವಿಲ್ಲ. ಇರುವುದು ಒಂದೇ ದೂರು: ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರುಚಿಯ ಆತಂಕಗಳು ಒಂದೊಂದಾಗಿ ಸುಳ್ಳಾಗಿವೆ. ಲೆಕ್ಕದ ಆತಂಕ ಪ್ರತಿ ಬಾರಿಯೂ ನಿಜವಾಗಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತೆ, ಟಿವಿ ಹಣ ಬಂದ ಮೇಲೆ ಅಟ್ಟಣಿಗೆಯವನ ಹಂಗು ಬೇಡವಾಗುವ ಅಪಾಯ ಈ ಕ್ರೀಡೆಗೆ ಎಂದಿನಿಂದಲೂ ಇದೆ.

ಇಂಡಿಯಾನಾಪೊಲಿಸ್‌ಗೆ ಮರಳೋಣ. ಅಂದು ಯಾರೂ ಕೆಡುಕು ಬಯಸಿರಲಿಲ್ಲ. ಓರೆಯಾಗಿ ಎತ್ತರಿಸಿದ ಕೊನೆಯ ತಿರುವಿನಲ್ಲಿ ಮಿಶೆಲಿನ್ ಟೈರುಗಳು ಬಾಳಿಕೆ ಬರುವುದಿಲ್ಲವೆಂದು ಶುಕ್ರವಾರ ರಾಲ್ಫ್ ಶುಮಾಕರ್ ಅವರ ಅಪಘಾತದಿಂದ ತಿಳಿದಿತ್ತು. ಚಾಲಕರ ಜೀವ ಪಣಕ್ಕಿಡಲು ಕಂಪನಿ ಒಪ್ಪಲಿಲ್ಲ, ಅದು ಸರಿ. ಆ ತಿರುವಿನಲ್ಲಿ ವೇಗ ತಗ್ಗಿಸುವ ಅಡ್ಡತಡೆ ಹಾಕಿಸಿ ಎಂದು ತಂಡಗಳು ಕೇಳಿದವು. ಸರಿಯಾದ ಟೈರು ತಂದ ಬ್ರಿಜ್‌ಸ್ಟೋನ್ ತಂಡಗಳಿಗೆ ಅದು ಅನ್ಯಾಯ ಎಂದು ಎಫ್‌ಐಎ ನಿರಾಕರಿಸಿತು, ಅದೂ ಸರಿ. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿದ್ದರು. ಆ ಮಾತುಕತೆಯ ಕೋಣೆಯಲ್ಲಿ ಇಲ್ಲದವರು ಲಕ್ಷ ಜನ ಮಾತ್ರ. ಬಳಿಕ ಮಿಶೆಲಿನ್ ಟಿಕೆಟ್ ಹಣ ಹಿಂದಿರುಗಿಸಲು ಮುಂದಾಯಿತು, ಮರುವರ್ಷದ ರೇಸಿಗೆ 20 ಸಾವಿರ ಟಿಕೆಟ್ ತಾನೇ ಕೊಂಡು ಹಂಚಿತು. ಆದರೆ 2007ರ ನಂತರ ಫಾರ್ಮುಲಾ ಒನ್ ಆ ಅಂಗಳಕ್ಕೆ ಹೋಗಲಿಲ್ಲ. ಅಮೆರಿಕದಲ್ಲಿ ಮುಂದಿನ ರೇಸು ನಡೆದದ್ದು 2012ರಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ.

ಸ್ಟೀವರ್ಟ್ ಅವರನ್ನು ಸ್ಪಾದಲ್ಲಿ ಬದುಕಿಸಿದ್ದು ಪ್ರೇಕ್ಷಕನೊಬ್ಬನ ಸ್ಪ್ಯಾನರು. ಅದೇ ಸ್ಪಾ ಈಗ 2028 ಮತ್ತು 2030ರ ಪಟ್ಟಿಯಲ್ಲಿಲ್ಲ, ವರ್ಷ ಬಿಟ್ಟು ವರ್ಷ ಎಂಬ ಪಾಳಿಗೆ ಅದನ್ನು ಇಳಿಸಲಾಗಿದೆ. ಹೊಸ ಎಂಜಿನ್ನಿಗೆ ಅಭಿಮಾನಿ ಒಗ್ಗಿಕೊಂಡಾನು, ಹಿಂದೆಯೂ ಒಗ್ಗಿಕೊಂಡಿದ್ದಾನೆ. ಕಾಡಿನ ನಡುವಿನ ಆ ಹಾದಿಯ ಬದಿಯಲ್ಲಿ ಕೊಡೆ ಹಿಡಿದು ನಿಲ್ಲಲು ಅವನಿಗೊಂದು ಜಾಗ ಉಳಿಯುತ್ತದೆಯೇ ಎಂಬುದಷ್ಟೇ ಈಗ ಕೇಳಬೇಕಾದ ಪ್ರಶ್ನೆ.